ಬಾತ ಮೈಯಲ್ಲಿ ಸೊರಗುವ ಮೂತ್ರಪಿಂಡ

ಮಕ್ಕಳ ಮೂತ್ರಪಿಂಡದ ಕಾಯಿಲೆಗಳ ಪೈಕಿ ನೆಫ್ರೋಟಿಕ್ ಸಿಂಡ್ರೋಮ್‌ಗೆ ಒಂದು ಬಗೆಯ ಒಳ್ಳೆಯ ಹೆಸರಿದೆ. ಎರಡರಿಂದ ಆರು ವರ್ಷದೊಳಗಿನ ಮಗು, ಹೆಚ್ಚಾಗಿ ಗಂಡುಮಗು, ಒಂದು ಬೆಳಿಗ್ಗೆ ಕಣ್ಣಿನ ಸುತ್ತ ಬಾತುಕೊಂಡು ಏಳುತ್ತದೆ. ಹುಳ ಕಚ್ಚಿರಬೇಕು, ಅಲರ್ಜಿ ಇರಬೇಕು ಎನ್ನುವುದರಲ್ಲಿ ನಾಲ್ಕು ದಿನ ಹೋಗುತ್ತದೆ. ಆಮೇಲೆ ಕಾಲು, ಹೊಟ್ಟೆ ಊದಿಕೊಂಡು ಮೂತ್ರ ನೊರೆನೊರೆಯಾಗಿ, ಪರೀಕ್ಷೆ ಮಾಡಿಸಿದರೆ ಪ್ರೋಟೀನ್ 3+ ಅಥವಾ 4+ ಎಂದು ಬರುತ್ತದೆ. ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಮೂತ್ರಪಿಂಡದ ಸೋಸುವ ಪೊರೆಯನ್ನು ದಾಟಿ ಸೋರಿಹೋಗುತ್ತಿರುತ್ತದೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಶುರುಮಾಡಿದರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಸೋರಿಕೆ ನಿಲ್ಲುತ್ತದೆ, ಬಾವು ಇಳಿಯುತ್ತದೆ. ಹಾಗಾಗಿ ವೈದ್ಯರು ಪೋಷಕರಿಗೆ ಧೈರ್ಯ ಹೇಳುತ್ತಾರೆ: ಮತ್ತೆ ಮತ್ತೆ ಬರಬಹುದು, ಆದರೆ ಕಿಡ್ನಿ ಕೆಡುವ ಕಾಯಿಲೆ ಇದಲ್ಲ. ಸ್ಟೀರಾಯ್ಡ್‌ಗೆ ಬಗ್ಗುವ ಮಕ್ಕಳ ಮಟ್ಟಿಗೆ, ದೂರದ ಲೆಕ್ಕದಲ್ಲಿ, ಈ ಮಾತು ಬಹುಪಾಲು ನಿಜ. ಆದರೆ ಬಾವು ಏರಿದ ದಿನಗಳಲ್ಲಿ ಇದೇ ಮಕ್ಕಳ ಮೂತ್ರಪಿಂಡ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ, ಕಸ ಸೋಸಿ ಹೊರಹಾಕುವ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಅಕ್ಯೂಟ್ ಕಿಡ್ನಿ ಇಂಜುರಿ ಎಂದು ಇದಕ್ಕೆ ಹೆಸರು. ವಾರ್ಡಿನಲ್ಲಿ ಎಲ್ಲರೂ ಎಕೆಐ ಎನ್ನುತ್ತಾರೆ. ಈ ಪೆಟ್ಟನ್ನು ಮೂಲ ಕಾಯಿಲೆಯ ಹಣೆಬರಹವೆಂದು ಒಪ್ಪಿಕೊಳ್ಳುವುದು ತಪ್ಪು ಎನ್ನುವುದು ಇಲ್ಲಿನ ವಾದ. ಅದರ ದೊಡ್ಡ ಪಾಲು ಬರುವುದು ವಾಂತಿಭೇದಿಯಿಂದ, ಸೋಂಕಿನಿಂದ, ನಾವೇ ಕೊಡುವ ಔಷಧಿಗಳಿಂದ. ಅದು ಕಣ್ಣಿಗೆ ಬೀಳದೆ ಹೋಗುವುದಕ್ಕೆ ಕಾರಣ ನಾವು ನೋಡುವ ರೀತಿ.

ಆ ಭರವಸೆಯ ಮಾತಿಗೊಂದು ಚರಿತ್ರೆಯಿದೆ. ಸಲ್ಫಾ, ಪೆನಿಸಿಲಿನ್ ಬರುವ ಮೊದಲು ಈ ಕಾಯಿಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಸೋಂಕು, ಅದರಲ್ಲೂ ಹೊಟ್ಟೆಯೊಳಗಿನ ಪೊರೆಗೆ ತಗುಲುವ ನ್ಯುಮೋಕಾಕಸ್. 1950ರ ಆಸುಪಾಸಿನಲ್ಲಿ ಕಾರ್ಟಿಸೋನ್ ಕುಲದ ಔಷಧಿಗಳು ಬಂದಮೇಲೆ ಚಿತ್ರ ಬದಲಾಯಿತು. 1960ರ ದಶಕದ ಕೊನೆಯಿಂದ ಹಲವು ದೇಶಗಳ ವೈದ್ಯರು ಕೂಡಿ ನಡೆಸಿದ, ಮಕ್ಕಳ ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಅಧ್ಯಯನ 521 ಮಕ್ಕಳ ಬಯಾಪ್ಸಿಗಳನ್ನು ನೋಡಿ, ನಾಲ್ವರಲ್ಲಿ ಮೂವರಿಗೆ ಇರುವುದು ‘ಮಿನಿಮಲ್ ಚೇಂಜ್’ ಎಂಬ ಬಗೆ ಎಂದು ತೋರಿಸಿತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಏನೂ ಕಾಣಿಸದಷ್ಟು ಸಣ್ಣ ಬದಲಾವಣೆ ಅದು. ಅಲ್ಲಿಂದ ಪಠ್ಯಪುಸ್ತಕಗಳಲ್ಲಿ ಒಂದು ಸೂತ್ರ ಗಟ್ಟಿಯಾಯಿತು: ಚಿಕ್ಕ ಮಗು, ಬಾವು, ಸಹಜ ರಕ್ತದೊತ್ತಡ, ಸಹಜ ಕ್ರಿಯಾಟಿನಿನ್ (ಮೂತ್ರಪಿಂಡ ರಕ್ತದಿಂದ ಸೋಸಿ ತೆಗೆಯಬೇಕಾದ ಕಸದ ಅಳತೆ) ಇದ್ದರೆ ಬಯಾಪ್ಸಿಯ ಗೊಡವೆ ಬೇಡ, ಸ್ಟೀರಾಯ್ಡ್ ಕೊಡಿ. ರೋಗವನ್ನು ಗುರುತಿಸಲು ಇದು ಒಳ್ಳೆಯ ಸೂತ್ರ. ಎಡವಟ್ಟಾದದ್ದು ಆಮೇಲೆ. ಮೊದಲ ದಿನದ ‘ಕ್ರಿಯಾಟಿನಿನ್ ಸಹಜ’ ಎಂಬ ಟಿಪ್ಪಣಿ ಮಗುವಿನ ಹೆಸರಿಗೆ ಅಂಟಿಕೊಂಡು ಕುಳಿತಿತು. ಮೂರನೆಯ ಮರುಕಳಿಕೆಯಲ್ಲಿ, ಭೇದಿಯಾಗಿ ಎರಡು ದಿನ ಮೂತ್ರವೇ ಸರಿಯಾಗಿ ಹೋಗದ ಸ್ಥಿತಿಯಲ್ಲಿ ಬಂದಾಗಲೂ ವೈದ್ಯರ ಕಣ್ಣು ಆಲ್ಬುಮಿನ್ ಎಷ್ಟಿದೆ, ಬಾವು ಎಷ್ಟಿದೆ ಎಂಬುದರ ಮೇಲೆಯೇ ಇರುತ್ತದೆ.

ಹಾಗಾದರೆ ಈ ಪೆಟ್ಟು ಎಷ್ಟು ಮಕ್ಕಳಿಗೆ ಬೀಳುತ್ತದೆ? ಇಲ್ಲಿ ಅಮೆರಿಕದ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಅಲ್ಲಿನ ಆಸ್ಪತ್ರೆಗಳ ರಾಷ್ಟ್ರೀಯ ದಾಖಲೆಯಲ್ಲಿ, ನೆಫ್ರೋಟಿಕ್ ಸಿಂಡ್ರೋಮ್‌ನಿಂದ ದಾಖಲಾದ ಮಕ್ಕಳಲ್ಲಿ ಎಕೆಐ ಎಂದು ಬರೆದಿದ್ದ ಪ್ರಮಾಣ 2000ದಲ್ಲಿ ಶೇ 3.3 ಇದ್ದದ್ದು 2009ಕ್ಕೆ ಶೇ 8.5ಕ್ಕೆ ಏರಿತ್ತು. ಒಂದು ದಶಕದಲ್ಲಿ ಒಂದೂವರೆ ಪಟ್ಟಿಗೂ ಮೀರಿದ ಏರಿಕೆ. ಇದಾದ ಮೇಲೆ 2015ರಲ್ಲಿ ಮಿಷೆಲ್ ರಿಯೋ ಮತ್ತು ಸಂಗಡಿಗರು 17 ಮಕ್ಕಳ ಆಸ್ಪತ್ರೆಗಳ ಕಡತಗಳನ್ನು ತೆರೆದು, ಬರೆದ ರೋಗನಾಮವನ್ನು ನಂಬದೆ ಕ್ರಿಯಾಟಿನಿನ್ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದರು. ಆಗ ಸಿಕ್ಕಿದ್ದು ಬೇರೆಯೇ ಚಿತ್ರ: 336 ಮಕ್ಕಳಲ್ಲಿ ಶೇ 58.6 ಮಂದಿಗೆ ಒಮ್ಮೆಯಾದರೂ ಎಕೆಐ ಆಗಿತ್ತು, 615 ದಾಖಲಾತಿಗಳಲ್ಲಿ ಅರ್ಧದಷ್ಟರಲ್ಲಿ ಅದು ಕಾಣಿಸಿಕೊಂಡಿತ್ತು. ಎಂಟರಿಂದ ಐವತ್ತಕ್ಕೆ ಹಾರಿದ ಈ ಅಂತರವನ್ನು ಪೂರ್ತಿಯಾಗಿ ರೋಗದ ಹೆಚ್ಚಳ ಎನ್ನಲಾಗದು. ಮೊದಲನೆಯದು ವೈದ್ಯರು ಬಿಡುಗಡೆಯ ಚೀಟಿಯಲ್ಲಿ ಬರೆದದ್ದರ ಎಣಿಕೆ, ಎರಡನೆಯದು ರಕ್ತದಲ್ಲಿ ನಿಜಕ್ಕೂ ಇದ್ದದ್ದರ ಎಣಿಕೆ. ಎರಡರ ನಡುವೆ ಉಳಿದ ಮಕ್ಕಳಲ್ಲಿ ಅನೇಕರು ಎಕೆಐ ಆಗಿಯೂ ಆ ಹೆಸರಿಲ್ಲದೆ ಮನೆಗೆ ಹೋದವರಿರಬೇಕು. ಇದನ್ನು ಉಬ್ಬಿಸಿ ಹೇಳಬಾರದು ಎನ್ನುವುದೂ ಸರಿ. ಇವರು ಆಸ್ಪತ್ರೆಗೆ ಸೇರಬೇಕಾದಷ್ಟು ಕಾಯಿಲೆಯಿದ್ದ ಮಕ್ಕಳು. ಮನೆಯಲ್ಲೇ ಮಾತ್ರೆ ನುಂಗಿ ಗುಣವಾಗುವ ಬಹುಸಂಖ್ಯಾತರಿಗೆ ಈ ಶೇಕಡಾವಾರು ಅನ್ವಯಿಸದು. ಎಕೆಐ ಆದ ದಾಖಲಾತಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಅತ್ಯಂತ ಸೌಮ್ಯ ಹಂತದವು, ತೀವ್ರ ಹಂತ ಮುಟ್ಟಿದ್ದು ಒಟ್ಟು ದಾಖಲಾತಿಗಳಲ್ಲಿ ಶೇ 6.3 ಮಾತ್ರ. ಭಾರತದ ಆಸ್ಪತ್ರೆಗಳಿಂದ ಬಂದ ವರದಿಗಳಲ್ಲೂ ಪ್ರಮಾಣ ಏರುಪೇರಾಗಿದೆ. ಯಾವ ಮಕ್ಕಳನ್ನು ತೆಗೆದುಕೊಂಡರು, ಎಷ್ಟು ಬಾರಿ ರಕ್ತ ತೆಗೆದರು ಎಂಬುದರ ಮೇಲೆ ಅದು ನಿಂತಿದೆ. ಇಷ್ಟೆಲ್ಲ ಕಳೆದರೂ, ‘ಈ ಕಾಯಿಲೆಯಲ್ಲಿ ಎಕೆಐ ಅಪರೂಪ’ ಎಂಬ ಹಳೆಯ ಪಾಠ ನಿಲ್ಲುವುದಿಲ್ಲ.

ಇಷ್ಟು ದೊಡ್ಡ ಸಂಗತಿ ಕಣ್ತಪ್ಪಿಸಿಕೊಳ್ಳುವುದು ಹೇಗೆ ಎಂದು ತಿಳಿಯಲು ಒಂದು ಲ್ಯಾಬ್ ವರದಿಯನ್ನು ಹತ್ತಿರದಿಂದ ನೋಡಬೇಕು. ನಾಲ್ಕು ವರ್ಷದ, ನೂರು ಸೆಂಟಿಮೀಟರ್ ಎತ್ತರದ ಮಗು. ವರದಿಯಲ್ಲಿ ಕ್ರಿಯಾಟಿನಿನ್ ಪ್ರತಿ ಡೆಸಿಲೀಟರಿಗೆ 0.6 ಮಿಲಿಗ್ರಾಂ, ಪಕ್ಕದ ಅಂಕಣದಲ್ಲಿ ‘ಸಹಜ ಮಿತಿ 0.6ರಿಂದ 1.2’. ಅಂಕಿ ದಪ್ಪಕ್ಷರದಲ್ಲಿಲ್ಲ, ಪಕ್ಕದಲ್ಲಿ ನಕ್ಷತ್ರವಿಲ್ಲ. ಆ ಮಿತಿ ವಯಸ್ಕರದು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡಗಳಿಂದ. ಮಾಂಸಖಂಡ ಕಡಿಮೆ ಇರುವ ಪುಟ್ಟ ಮಗುವಿನಲ್ಲಿ ಅದು 0.3ರ ಸುಮಾರಿಗೆ ಇರುವುದೇ ಸಹಜ. ಜಾರ್ಜ್ ಶ್ವಾರ್ಟ್ಸ್ ಮತ್ತು ಸಂಗಡಿಗರು 2009ರಲ್ಲಿ ಕೊಟ್ಟ ಸುಲಭ ಸೂತ್ರದ ಪ್ರಕಾರ ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಸೋಸುವ ವೇಗದ ಅಂದಾಜು ಸಿಗುತ್ತದೆ. ಈ ಮಗುವಿಗೆ 0.3 ಇದ್ದಾಗ ಅದು 138ರ ಸುಮಾರು, 0.6 ಆದಾಗ 69. ಕ್ರಿಯಾಟಿನಿನ್ ಇನ್ನೂ ಏರುತ್ತಿರುವಾಗ ಈ ಸೂತ್ರ ಕರಾರುವಾಕ್ಕಲ್ಲ, ನಿಜ ಸ್ಥಿತಿ ಇನ್ನೂ ಕೆಟ್ಟದ್ದೇ ಇರುತ್ತದೆ. ಅಂದರೆ ಮೂತ್ರಪಿಂಡದ ಕೆಲಸ ಅರ್ಧಕ್ಕೆ ಇಳಿದಿದೆ, ಕಾಗದ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿದೆ. ಮೂತ್ರಪಿಂಡ ಕಾಯಿಲೆಗಳ ಕುರಿತ 2012ರ ಅಂತರರಾಷ್ಟ್ರೀಯ ‘ಕೆಡಿಗೋ’ ಮಾರ್ಗಸೂಚಿಯಂತೆ ಕ್ರಿಯಾಟಿನಿನ್ ಮೂಲ ಮಟ್ಟದ ಒಂದೂವರೆ ಪಟ್ಟಾದರೆ ಮೊದಲ ಹಂತದ ಎಕೆಐ, ಎರಡು ಪಟ್ಟಾದರೆ ಎರಡನೆಯ ಹಂತ. ಈ ಮಗು ಎರಡನೆಯ ಹಂತದಲ್ಲಿದೆ. ಆದರೆ ಅದನ್ನು ಹೇಳಬೇಕಾದರೆ ಮೂಲ ಮಟ್ಟ 0.3 ಇತ್ತು ಎಂಬುದು ಯಾರಿಗಾದರೂ ಗೊತ್ತಿರಬೇಕು, ಎಲ್ಲಾದರೂ ಬರೆದಿರಬೇಕು.

ಸಾಲದ್ದಕ್ಕೆ, ಈ ಕಾಯಿಲೆಯಲ್ಲಿ ಕ್ರಿಯಾಟಿನಿನ್ ಸ್ವತಃ ಅರೆಸುಳ್ಳು ಹೇಳುತ್ತದೆ. ಆಲ್ಬುಮಿನ್ ಕುಸಿದಿರುವಾಗ ಮೂತ್ರಪಿಂಡದ ಸಣ್ಣ ನಾಳಗಳು ಕ್ರಿಯಾಟಿನಿನ್ ಅನ್ನು ಎಂದಿಗಿಂತ ಹೆಚ್ಚಾಗಿ ಮೂತ್ರಕ್ಕೆ ತಳ್ಳುತ್ತವೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2005ರಲ್ಲಿ ತೋರಿಸಿದರು. ಸೋಸುವಿಕೆ ಕುಂದಿದರೂ ಈ ಹಿಂಬಾಗಿಲ ದಾರಿಯಿಂದಾಗಿ ರಕ್ತದಲ್ಲಿ ಅಂಕಿ ಅಷ್ಟಾಗಿ ಏರುವುದಿಲ್ಲ. ಮೈಯಲ್ಲಿ ಲೀಟರುಗಟ್ಟಲೆ ನೀರು ತುಂಬಿಕೊಂಡಿರುವುದರಿಂದಲೂ ಅದು ತೆಳುವಾಗುತ್ತದೆ. ಹೀಗಾಗಿ ಕ್ರಿಯಾಟಿನಿನ್ ಏರಿದೆ ಎಂದರೆ ನಂಬಬಹುದು. ಏರಿಲ್ಲ ಎಂದರೆ ಅಷ್ಟು ಸುಲಭವಾಗಿ ನಂಬಬಾರದು. ಅಂಥ ಹೊತ್ತಿನಲ್ಲಿ ಹೆಚ್ಚು ಪ್ರಾಮಾಣಿಕ ಸಾಕ್ಷಿ ಮೂತ್ರದ ಪ್ರಮಾಣ. 2017ರಲ್ಲಿ ಪ್ರಕಟವಾದ ‘ಅವೇರ್’ ಅಧ್ಯಯನ ನಾಲ್ಕು ಖಂಡಗಳ 32 ಮಕ್ಕಳ ತೀವ್ರ ನಿಗಾ ಘಟಕಗಳಲ್ಲಿ 4,683 ರೋಗಿಗಳನ್ನು ನೋಡಿತು. ಮೂತ್ರ ಕಡಿಮೆಯಾದ ಕಾರಣಕ್ಕೆ ಎಕೆಐ ಎಂದು ಗುರುತಿಸಲ್ಪಟ್ಟವರಲ್ಲಿ ಶೇ 67.2 ಮಂದಿ, ಕ್ರಿಯಾಟಿನಿನ್ ಒಂದನ್ನೇ ನೆಚ್ಚಿಕೊಂಡಿದ್ದರೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಆ ಮಕ್ಕಳು ನೆಫ್ರೋಟಿಕ್ ರೋಗಿಗಳಲ್ಲ ಎಂಬುದು ನಿಜ. ಆದರೆ ಕ್ರಿಯಾಟಿನಿನ್ ಇನ್ನೂ ಹೆಚ್ಚು ದಾರಿತಪ್ಪಿಸುವ ಕಾಯಿಲೆಯಲ್ಲಿ ಈ ಎಚ್ಚರ ಕಡಿಮೆ ಬೇಕೆನ್ನಲು ಕಾರಣ ಕಾಣುವುದಿಲ್ಲ.

ಮೂತ್ರಪಿಂಡ ಹೀಗೆ ಸೋಲುವುದೇಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹಳೆಯ ವಿವರಣೆ ಸರಳ: ಆಲ್ಬುಮಿನ್ ಇಲ್ಲದ ರಕ್ತ ನೀರನ್ನು ಹಿಡಿದಿಟ್ಟುಕೊಳ್ಳಲಾರದು, ನೀರು ರಕ್ತನಾಳದಿಂದ ಮೈಗೆ ಇಳಿಯುತ್ತದೆ, ಹೊರಗೆ ಮೈ ಬಾತಿದ್ದರೂ ಒಳಗೆ ನಾಳ ಬತ್ತಿರುತ್ತದೆ, ಮೂತ್ರಪಿಂಡಕ್ಕೆ ರಕ್ತ ಸಾಲದು. ಹಲವು ಮಕ್ಕಳಲ್ಲಿ, ಅದರಲ್ಲೂ ಮರುಕಳಿಕೆಯ ಮೊದಲ ದಿನಗಳಲ್ಲಿ, ನಡೆಯುವುದು ಇದೇ. ಆದರೆ ಎಲ್ಲರಲ್ಲೂ ಅಲ್ಲ. ಬೇರೆ ಕೆಲವರಲ್ಲಿ ಮೂತ್ರಪಿಂಡ ತಾನಾಗಿಯೇ ಉಪ್ಪನ್ನು ಹಿಡಿದಿಟ್ಟುಕೊಂಡು ನಾಳಗಳು ತುಂಬಿಯೇ ಇರುತ್ತವೆ, ರಕ್ತದೊತ್ತಡವೂ ಏರಿರಬಹುದು. 1981ರಲ್ಲಿ ಲೋವೆನ್‌ಸ್ಟೀನ್ ಮತ್ತು ಸಂಗಡಿಗರು ಮೂರನೆಯದೊಂದು ಸಾಧ್ಯತೆಯನ್ನು ಮುಂದಿಟ್ಟರು: ಮೈಯಂತೆ ಮೂತ್ರಪಿಂಡವೂ ಒಳಗೊಳಗೇ ನೀರು ಕುಡಿದು ಬಾತು, ತನ್ನ ಗಟ್ಟಿ ಹೊದಿಕೆಯೊಳಗೆ ತನ್ನ ನಾಳಗಳನ್ನು ತಾನೇ ಅದುಮಿಕೊಳ್ಳುತ್ತದೆ. ಇದಲ್ಲದೆ ಸೋಸುವ ಪೊರೆಯನ್ನು ಅಪ್ಪಿಕೊಂಡಿರುವ ಜೀವಕೋಶಗಳ ಕಾಲುಗಳು ಈ ಕಾಯಿಲೆಯಲ್ಲಿ ಚಪ್ಪಟೆಯಾಗಿ ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ, ಪ್ರೋಟೀನ್ ಸೋರಿದರೂ ನೀರು ದಾಟಲು ಇರುವ ಜಾಗವೇ ಕುಗ್ಗುತ್ತದೆ. ಈ ವಿವರಣೆಗಳ ಪೈಕಿ ಒಂದನ್ನೇ ಸರಿಯೆಂದು ಆರಿಸಿಕೊಳ್ಳಬೇಕಿಲ್ಲ. ಒಂದೇ ಮಗು ಸೋಮವಾರ ಬತ್ತಿದ ಸ್ಥಿತಿಯಲ್ಲಿದ್ದು ಶುಕ್ರವಾರ ತುಂಬಿದ ಸ್ಥಿತಿಗೆ ಬರಬಹುದು. ಆ ದಿನ ಆ ಮಗು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮಾತ್ರ ಯಾರಾದರೂ ಹಾಸಿಗೆಯ ಬಳಿ ನಿಂತು ನಿರ್ಧರಿಸಲೇಬೇಕು, ಏಕೆಂದರೆ ಚಿಕಿತ್ಸೆ ತದ್ವಿರುದ್ಧವಾಗಿದೆ.

ಈ ನಿರ್ಧಾರದಲ್ಲಿ ಎಡವುವುದು ಸುಲಭ. ಬಾತ ಮಗುವನ್ನು ಕಂಡ ಕೂಡಲೇ ಮೂತ್ರ ಇಳಿಸುವ ಫ್ಯೂರೋಸೆಮೈಡ್ ಚುಚ್ಚಲು ಕೈ ತಾನೇ ಮುಂದಾಗುತ್ತದೆ. ಬಾವು ಕಣ್ಣಿಗೆ ಕಾಣುತ್ತದೆ, ಬತ್ತಿದ ನಾಳ ಕಾಣುವುದಿಲ್ಲ. ಕೈಕಾಲು ತಣ್ಣಗಿದ್ದು, ನಾಡಿ ವೇಗವಾಗಿ, ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ತಡವಾಗಿ ಮರಳುತ್ತ, ಹೊಟ್ಟೆನೋವೆಂದು ಮುದುಡಿಕೊಂಡಿರುವ ಮಗುವಿಗೆ ಆ ಚುಚ್ಚುಮದ್ದು ಕೊಡುವುದೆಂದರೆ ಇದ್ದಷ್ಟು ರಕ್ತದ ಹರಿವನ್ನೂ ಹಿಂಡಿ ತೆಗೆದಂತೆ. ಅಂಥ ಮಗುವಿಗೆ ಮೊದಲು ನಾಳ ತುಂಬಬೇಕು: ಸಲೈನ್, ತೀರಾ ಬೇಕಾದರೆ ಆಲ್ಬುಮಿನ್. ತದ್ವಿರುದ್ಧವಾಗಿ ನಾಳ ತುಂಬಿದ, ರಕ್ತದೊತ್ತಡ ಏರಿದ ಮಗುವಿಗೆ ಶೇ 20ರ ಆಲ್ಬುಮಿನ್ ಏರಿಸಿದರೆ ಅದು ಮೈಯಲ್ಲಿದ್ದ ನೀರನ್ನೆಲ್ಲ ನಾಳಕ್ಕೆ ಎಳೆದು, ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಡೆಟ್ರಾಯಿಟ್‌ನ ವೈದ್ಯರು 2009ರಲ್ಲಿ ಇದಕ್ಕೆ ಒಂದು ಅಗ್ಗದ ಅಳತೆಗೋಲನ್ನು ಬಳಸಿ ತೋರಿಸಿದರು. ಸೋಸಿದ ಸೋಡಿಯಂನಲ್ಲಿ ಮೂತ್ರಕ್ಕೆ ಹೋಗುವ ಪಾಲು ಶೇ 0.2ಕ್ಕಿಂತ ಕಡಿಮೆ ಇದ್ದರೆ ನಾಳ ಬತ್ತಿದೆ ಎಂದು ಹಿಡಿದು ಆಲ್ಬುಮಿನ್ ಜೊತೆ ಮೂತ್ರವರ್ಧಕ, ಹೆಚ್ಚಿದ್ದರೆ ಮೂತ್ರವರ್ಧಕ ಮಾತ್ರ. ಎರಡನೆಯ ಗುಂಪಿನ ಮಕ್ಕಳು ಆಲ್ಬುಮಿನ್ ಇಲ್ಲದೆಯೇ ಬಾವು ಇಳಿಸಿಕೊಂಡರು. ಆಲ್ಬುಮಿನ್ ಬಾಟಲಿಯೊಂದಕ್ಕೆ ಸಾವಿರಾರು ರೂಪಾಯಿ ತೆರಬೇಕಾದ ನಮ್ಮ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ರಕ್ತ ಮತ್ತು ಮೂತ್ರದ ಸೋಡಿಯಂ, ಕ್ರಿಯಾಟಿನಿನ್ ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಮೂತ್ರವರ್ಧಕ ಕೊಡುವ ಮೊದಲೇ ಅಳೆಯಬೇಕು ಎಂಬ ನೆನಪು ಬೇಕು. ಒಮ್ಮೆ ಫ್ಯೂರೋಸೆಮೈಡ್ ಹೋದಮೇಲೆ ಆ ಅಂಕಿಗೆ ಅರ್ಥವಿಲ್ಲ.

ಅಮೆರಿಕದ ಆ 17 ಆಸ್ಪತ್ರೆಗಳ ಕಡತಗಳು ಎಕೆಐಗೆ ಜೊತೆಗಾರರನ್ನೂ ಗುರುತಿಸಿದವು: ಸೋಂಕು, ಮೂತ್ರಪಿಂಡಕ್ಕೆ ಕೆಡುಕಾಗುವ ಔಷಧಿಗಳು, ಸ್ಟೀರಾಯ್ಡ್‌ಗೆ ಬಗ್ಗದ ಕಾಯಿಲೆ. ಸೋಂಕಿದ್ದ ದಾಖಲಾತಿಗಳಲ್ಲಿ ಎಕೆಐ ಸಂಭವ ಎರಡು ಪಟ್ಟಿಗೂ ಹೆಚ್ಚು. ಮೂತ್ರದಲ್ಲಿ ಆಲ್ಬುಮಿನ್ ಜೊತೆಗೆ ರೋಗನಿರೋಧಕ ಪ್ರೋಟೀನ್‌ಗಳೂ ಸೋರಿಹೋಗುತ್ತವೆ, ಸ್ಟೀರಾಯ್ಡ್ ಉಳಿದ ಕಾವಲನ್ನೂ ಸಡಿಲಿಸುತ್ತದೆ, ಹೊಟ್ಟೆಯಲ್ಲಿ ನಿಂತ ನೀರು ಬ್ಯಾಕ್ಟೀರಿಯಾಕ್ಕೆ ಹದವಾದ ತಾಣ. ಸ್ಟೀರಾಯ್ಡ್ ಜ್ವರವನ್ನೂ ನೋವನ್ನೂ ಮುಚ್ಚಿಡುವುದರಿಂದ ಪೆರಿಟೊನೈಟಿಸ್, ಅಂದರೆ ಹೊಟ್ಟೆಯೊಳಗಿನ ಪೊರೆಯ ಸೋಂಕು, ಬರೀ ‘ಹೊಟ್ಟೆನೋವು, ಸುಸ್ತು’ ಎಂಬ ವೇಷದಲ್ಲಿ ಬರುತ್ತದೆ. ಇಲ್ಲಿ ತಡೆಯ ದಾರಿ ಸ್ಪಷ್ಟವಾಗಿದೆ. ನ್ಯುಮೋಕಾಕಲ್ ಲಸಿಕೆಯನ್ನು ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ 2021ರಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಉಳಿದೆಡೆಗೂ ವಿಸ್ತರಿಸಿತು. ತಮ್ಮ ರಾಜ್ಯಕ್ಕೆ ಅದು ಬರುವ ಮೊದಲು ಹುಟ್ಟಿದ ಮಕ್ಕಳಿಗೆ ಲಸಿಕೆ ಸಿಕ್ಕಿರುವುದು ಹೆಚ್ಚಾಗಿ ಖಾಸಗಿಯಾಗಿ ಹಣ ಕೊಟ್ಟು ಹಾಕಿಸಿದ್ದರೆ ಮಾತ್ರ. ಇಂದು ಶಾಲೆಗೆ ಹೋಗುವ ನೆಫ್ರೋಟಿಕ್ ಮಕ್ಕಳಲ್ಲಿ ಅನೇಕರು ಈ ಅಂಚಿನ ಆಚೆ ಉಳಿದವರು. ಅವರ ಲಸಿಕೆ ಕಾರ್ಡು ನೋಡಿ ಕೇಳುವುದು ಒಂದು ನಿಮಿಷದ ಕೆಲಸ.

ಔಷಧಿಗಳ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ಇಲ್ಲಿ ದೂರಬೇಕಾದದ್ದು ನಮ್ಮನ್ನೇ. ಪದೇ ಪದೇ ಮರುಕಳಿಸುವ ಅಥವಾ ಸ್ಟೀರಾಯ್ಡ್‌ಗೆ ಬಗ್ಗದ ಮಗುವಿಗೆ ಟ್ಯಾಕ್ರೋಲಿಮಸ್ ಇಲ್ಲವೇ ಸೈಕ್ಲೋಸ್ಪೋರಿನ್ ಕೊಡುತ್ತೇವೆ. ಅವು ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಬಿಗಿಸುತ್ತವೆ. ಸೋರಿಕೆ ತಗ್ಗಿಸಲು ಎನಾಲಾಪ್ರಿಲ್ ಕೊಡುತ್ತೇವೆ; ಅದು ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡವನ್ನು ಇಳಿಸುತ್ತದೆ. ಮಗು ಚೆನ್ನಾಗಿ ಉಣ್ಣುತ್ತ ಆಡುತ್ತ ಇರುವಾಗ ಇದೆಲ್ಲ ನಡೆದುಹೋಗುತ್ತದೆ. ಅದೇ ಮಗುವಿಗೆ ಭೇದಿ ಶುರುವಾಗಿ ರಕ್ತದ ಹರಿವು ಕುಂದಿದಾಗ, ಮೂತ್ರಪಿಂಡ ತನ್ನನ್ನು ಉಳಿಸಿಕೊಳ್ಳಲು ಬಳಸುವ ಉಪಾಯಗಳನ್ನೆಲ್ಲ ನಾವು ಮೊದಲೇ ಕಟ್ಟಿಹಾಕಿರುತ್ತೇವೆ. ಇದರ ಮೇಲೆ ಜ್ವರಕ್ಕೆಂದು ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಐಬುಪ್ರೊಫೇನ್ ಅಥವಾ ಮೆಫೆನಾಮಿಕ್ ಆಮ್ಲದ ಸಿರಪ್, ಆಸ್ಪತ್ರೆಯಲ್ಲಿ ಸೋಂಕಿಗೆಂದು ಅಮಿಕಾಸಿನ್ ಬಿದ್ದರೆ ಹೊಡೆತ ಪೂರ್ಣವಾಗುತ್ತದೆ. ಬಾವು ಇಳಿಸುವ ನಾಟಿ ಔಷಧಿಯ ಪೊಟ್ಟಣದಲ್ಲಿ ಏನಿದೆಯೆಂದು ಕೊಟ್ಟವರಿಗೂ ಹೇಳಲಾಗದಿದ್ದರೆ ಅದನ್ನೂ ಈ ಸಾಲಿಗೇ ಸೇರಿಸಬೇಕು.

ಈ ಔಷಧಿಗಳಿಲ್ಲದೆ ಚಿಕಿತ್ಸೆಯೇ ಇಲ್ಲ, ಅವನ್ನು ಬಿಟ್ಟರೆ ಮೂಲ ಕಾಯಿಲೆ ಮೂತ್ರಪಿಂಡವನ್ನು ತಿಂದುಹಾಕುತ್ತದೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಬರಲೂಬೇಕು. ಸ್ಟೀರಾಯ್ಡ್‌ಗೆ ಬಗ್ಗದ ಮಗುವಿಗೆ ಟ್ಯಾಕ್ರೋಲಿಮಸ್ ನಿರಾಕರಿಸುವುದು ಎಚ್ಚರಿಕೆಯಾಗದು, ಅನ್ಯಾಯವಾದೀತು. ಆದರೆ ವಾದ ಔಷಧಿ ಬಿಡುವುದರ ಬಗ್ಗೆ ಅಲ್ಲ, ಎಣಿಸುವುದರ ಬಗ್ಗೆ. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಸ್ಟುವರ್ಟ್ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು ‘ನಿಂಜಾ’ ಎಂಬ ಕಾರ್ಯಕ್ರಮ ನಡೆಸಿದರು. ಮೂತ್ರಪಿಂಡಕ್ಕೆ ಕೆಡುಕಾಗಬಲ್ಲ ಮೂರು ಔಷಧಿಗಳು ಒಂದೇ ದಿನ ಒಂದೇ ಮಗುವಿಗೆ ಬಿದ್ದರೆ, ಅಥವಾ ಅಮಿಕಾಸಿನ್ ಜಾತಿಯ ಔಷಧಿ ಮೂರು ದಿನ ನಡೆದರೆ, ಔಷಧಿ ವಿಭಾಗದವರು ವೈದ್ಯರನ್ನು ಎಚ್ಚರಿಸಬೇಕು. ಅಂಥ ಮಗುವಿಗೆ ದಿನವೂ ಕ್ರಿಯಾಟಿನಿನ್ ನೋಡಬೇಕು. ಇಷ್ಟೇ ನಿಯಮ. 2016ರಲ್ಲಿ ಅವರು ವರದಿ ಮಾಡಿದಂತೆ ಅಂಥ ಔಷಧಿಗಳ ಬಳಕೆ ಶೇ 38ರಷ್ಟು, ಅವುಗಳ ಜೊತೆ ಬರುವ ಎಕೆಐ ಶೇ 64ರಷ್ಟು ಇಳಿದಿತ್ತು. ಒಂಬತ್ತು ಆಸ್ಪತ್ರೆಗಳಿಗೆ ಹಬ್ಬಿಸಿದಾಗ ಎಕೆಐ ಇಳಿಕೆ ಶೇ 23.8. ಹುಟ್ಟಿದ ಮನೆಯಲ್ಲಿ ಕಂಡ ಯಶಸ್ಸು ಹೊರಗೆ ಹೋದಾಗ ತೆಳುವಾಗುವುದು ಇಂಥ ಕಾರ್ಯಕ್ರಮಗಳ ರೂಢಿ. ತೆಳುವಾದ ಮೇಲೂ ಉಳಿದದ್ದು ನಾಲ್ಕನೇ ಒಂದು ಪಾಲು. ಯಾರೂ ಯಾವ ಮಗುವಿಗೂ ಬೇಕಾದ ಔಷಧಿಯನ್ನು ಕಸಿದುಕೊಂಡಿರಲಿಲ್ಲ. ಇದರ ಮನೆಮಟ್ಟದ ರೂಪವೆಂದರೆ ವಾಂತಿಭೇದಿಯ ದಿನ ಎನಾಲಾಪ್ರಿಲ್ ಮತ್ತು ಮೂತ್ರವರ್ಧಕ ಮುಂದುವರಿಸಬೇಕೇ ಎಂದು ಫೋನಿನಲ್ಲಾದರೂ ಕೇಳುವುದು. ಸ್ಟೀರಾಯ್ಡ್ ಮಾತ್ರ ಈ ಪಟ್ಟಿಯಲ್ಲಿಲ್ಲ. ತಿಂಗಳುಗಟ್ಟಲೆ ಅದನ್ನು ನುಂಗಿದ ಮಗುವಿಗೆ ಕಾಯಿಲೆಯ ದಿನ ಅದು ತಪ್ಪಿದರೆ ರಕ್ತದೊತ್ತಡವೇ ಕುಸಿಯಬಹುದು.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಈ ಮಕ್ಕಳಲ್ಲಿ ಎಕೆಐ ಬಹುಪಾಲು ತಾನೇ ವಾಸಿಯಾಗುತ್ತದೆ, ಡಯಾಲಿಸಿಸ್ ಬೇಕಾಗುವುದು ಅಪರೂಪ, ಸೋರಿಕೆ ನಿಂತ ಕೂಡಲೇ ಮೂತ್ರ ಧಾರಾಳವಾಗಿ ಇಳಿದು ಕ್ರಿಯಾಟಿನಿನ್ ಮೊದಲಿನಂತಾಗುತ್ತದೆ. ಹೀಗಿರುವಾಗ ತಂದೆತಾಯಿಗೆ ಇನ್ನೊಂದು ಭಯವನ್ನೂ ಮಗುವಿಗೆ ಇನ್ನೊಂದು ಸೂಜಿಯನ್ನೂ ಯಾಕೆ ಕೊಡಬೇಕು? ಇದರಲ್ಲಿ ಸತ್ಯಾಂಶ ದೊಡ್ಡದಿದೆ. ಆದರೆ ಇದು ಒಂದು ಸಲದ ಎಕೆಐ ಕುರಿತ ಮಾತು. ಸ್ಟೀರಾಯ್ಡ್‌ಗೆ ಬಗ್ಗುವ ಮಕ್ಕಳಲ್ಲೂ ಅರ್ಧದಷ್ಟು ಮಂದಿಗೆ ಕಾಯಿಲೆ ಪದೇ ಪದೇ ಬರುತ್ತದೆ. ಹದಿಹರೆಯಕ್ಕೆ ಬರುವಷ್ಟರಲ್ಲಿ ಇಂಥ ಮಗು ಇಂಥ ಪೆಟ್ಟನ್ನು ಹಲವು ಸಲ ತಿಂದಿರಬಹುದು. ಕೆನಡಾದ ವ್ಯಾಂಕೂವರ್‌ನಲ್ಲಿ ತೀವ್ರ ನಿಗಾ ಘಟಕದಲ್ಲಿ ಎಕೆಐ ಆಗಿ ಬದುಕುಳಿದ 126 ಮಕ್ಕಳನ್ನು ಒಂದರಿಂದ ಮೂರು ವರ್ಷದ ನಂತರ ನೋಡಿದಾಗ ಶೇ 10.3 ಮಂದಿಗೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ನೆಲೆಯೂರಿತ್ತು ಎಂದು 2012ರ ವರದಿ ಹೇಳುತ್ತದೆ. ಅವರು ನೆಫ್ರೋಟಿಕ್ ಮಕ್ಕಳಿಗಿಂತ ಹೆಚ್ಚು ಕಾಯಿಲೆಯಿದ್ದವರು, ಆ ಅಂಕಿಯನ್ನು ಹಾಗೇ ಎತ್ತಿ ಇಲ್ಲಿಡಲಾಗದು. ಆದರೂ ‘ವಾಸಿಯಾಯಿತು’ ಎಂದು ನಾವು ಹೇಳುವುದು ಕ್ರಿಯಾಟಿನಿನ್ ನೋಡಿ, ಮತ್ತು ಈ ಕಾಯಿಲೆಯಲ್ಲಿ ಅದರ ನಂಬಿಕಸ್ತಿಕೆ ಎಷ್ಟು ಎಂದು ಆಗಲೇ ನೋಡಿದ್ದೇವೆ. ಎಕೆಐ ತಕ್ಷಣವೇ ಕೊಡುವ ಕಷ್ಟಗಳೂ ಇವೆ. ಆಸ್ಪತ್ರೆವಾಸ ಉದ್ದವಾಗುತ್ತದೆ. ಮೂತ್ರಪಿಂಡದ ಮೂಲಕ ಹೊರಹೋಗುವ ಆ್ಯಂಟಿಬಯಾಟಿಕ್‌ಗಳು ಅದೇ ಪ್ರಮಾಣದಲ್ಲಿ ಮುಂದುವರಿದರೆ ಮೈಯಲ್ಲಿ ಕೂಡಿಕೊಂಡು ವಿಷವಾಗುತ್ತವೆ. ಕೆಲವೊಮ್ಮೆ ಎಕೆಐ ಹಿಂದೆ ಮೂತ್ರಪಿಂಡದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತವಿರುತ್ತದೆ. ಪಕ್ಕೆನೋವು, ಕೆಂಪು ಮೂತ್ರ ಕಂಡ ದಿನ ಸ್ಕ್ಯಾನ್ ಮಾಡಿಸದೆ ‘ತಾನೇ ಸರಿಹೋಗುತ್ತದೆ’ ಎಂದು ಕೂರುವಂತಿಲ್ಲ.

ವ್ಯಾಖ್ಯೆಯೇ ಅತಿಸೂಕ್ಷ್ಮವಾಗಿದೆ ಎನ್ನುವವರಿಗೂ ಕಾರಣವಿದೆ. 0.2 ಇದ್ದ ಕ್ರಿಯಾಟಿನಿನ್ 0.3 ಆದರೆ ಲೆಕ್ಕದಲ್ಲಿ ಒಂದೂವರೆ ಪಟ್ಟು, ಆದರೆ ಅಷ್ಟು ವ್ಯತ್ಯಾಸ ಯಂತ್ರದಿಂದ ಯಂತ್ರಕ್ಕೇ ಬರಬಹುದು. ಅದನ್ನು ರೋಗವೆಂದು ಕರೆದು ಚಿಕಿತ್ಸೆಗೆ ಹೊರಟರೆ ನಗೆಪಾಟಲು. ಅದನ್ನೊಂದು ಪ್ರಶ್ನೆಯೆಂದು ತೆಗೆದುಕೊಂಡರೆ ಸಾಕು: ಮಗು ನಿನ್ನೆಯಿಂದ ಎಷ್ಟು ಸಲ ಮೂತ್ರ ಮಾಡಿದೆ, ಏನು ತಿಂದಿದೆ, ಯಾವ ಔಷಧಿಗಳು ನಡೆಯುತ್ತಿವೆ, ನಾಳೆ ಅಂಕಿ ಎಷ್ಟಾಗುತ್ತದೆ. ಈ ಪ್ರಶ್ನೆಗಳಿಗೆ ಖರ್ಚಿಲ್ಲ.

ನಮ್ಮ ಪರಿಸ್ಥಿತಿಗೆ ಬಂದರೆ, ಭಾರತೀಯ ಮಕ್ಕಳ ಮೂತ್ರಪಿಂಡ ತಜ್ಞರ ಸಂಘ ಸ್ಟೀರಾಯ್ಡ್ ಚಿಕಿತ್ಸೆಗೆ 2001ರಿಂದ ಮಾರ್ಗಸೂಚಿ ಕೊಡುತ್ತ ಬಂದಿದೆ, 2021ರಲ್ಲಿ ಅದನ್ನು ಪರಿಷ್ಕರಿಸಿದೆ. ಮಕ್ಕಳ ಮೂತ್ರಪಿಂಡ ತಜ್ಞರು ಮಾತ್ರ ದೊಡ್ಡ ನಗರಗಳಲ್ಲೇ ಇದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಇದಕ್ಕೇ ವಿಭಾಗಗಳಿವೆ. ಯಾದಗಿರಿಯ ಅಥವಾ ಬೀದರಿನ ಮಗು ಅಲ್ಲಿಗೆ ತಲುಪಲು ಒಂದು ರಾತ್ರಿಯ ಪ್ರಯಾಣ. ಎಕೆಐ ನಿರ್ಧಾರವಾಗುವುದು ಆ ಪ್ರಯಾಣಕ್ಕೆ ಮೊದಲಿನ ಎರಡು ದಿನಗಳಲ್ಲಿ, ಮನೆಯಲ್ಲಿ ಮತ್ತು ತಾಲ್ಲೂಕಿನ ಆಸ್ಪತ್ರೆಯಲ್ಲಿ. ಆದ್ದರಿಂದ ಈ ಕಾಯಿಲೆಯ ಅತ್ಯಂತ ಬೆಲೆಬಾಳುವ ಉಪಕರಣ ತಾಯಿಯ ಕೈಯಲ್ಲಿರುವ ನೋಟುಪುಸ್ತಕ. ಬೆಳಗಿನ ಮೊದಲ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಕಾಯಿಸಿ, ಎರಡು ಹನಿ ಆಮ್ಲ ಹಾಕಿ, ಮೊಸರಿನಂತೆ ಒಡೆಯುತ್ತದೋ ಇಲ್ಲವೋ ನೋಡಿ, ಅಥವಾ ಪಟ್ಟಿ ಅದ್ದಿ, 1+, 2+ ಎಂದು ಬರೆದಿಡುವ ಕ್ರಮವನ್ನು ನಮ್ಮ ಅಕ್ಷರ ಬಾರದ ತಾಯಂದಿರೂ ಕಲಿತು ನಡೆಸುತ್ತಿದ್ದಾರೆ. ಮೂರು ದಿನ ಸತತ 3+ ಬಂದರೆ ಮರುಕಳಿಕೆ ಎಂಬುದು ಅವರಿಗೆ ಬಾಯಿಪಾಠ. ಆದರೆ ಆ ಪುಸ್ತಕದಲ್ಲಿ ಪ್ರೋಟೀನ್ ಮತ್ತು ಮಾತ್ರೆಯ ಲೆಕ್ಕವಿದೆ, ತೂಕ ಮತ್ತು ಮೂತ್ರದ ಲೆಕ್ಕ ಹೆಚ್ಚಾಗಿ ಇರುವುದಿಲ್ಲ.

ಇನ್ನೊಂದು ಗೊಂದಲವನ್ನು ನಾವೇ ಹುಟ್ಟುಹಾಕಿದ್ದೇವೆ. ಮೊದಲ ದಿನವೇ ಪೋಷಕರಿಗೆ ಕಟ್ಟುನಿಟ್ಟಾಗಿ ಹೇಳುತ್ತೇವೆ: ಉಪ್ಪು ಬೇಡ, ನೀರು ಅಳತೆಯಲ್ಲಿ. ಅವರು ಅದನ್ನು ಪಥ್ಯದಂತೆ ಪಾಲಿಸುತ್ತಾರೆ. ಮನೆಯವರೆಲ್ಲ ಸಪ್ಪೆ ಸಾರು ಉಣ್ಣುತ್ತಾರೆ. ಆರು ತಿಂಗಳ ಮೇಲೆ ಮಗುವಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ಕೊಡುತ್ತಾರೆ. ಅದರಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪಿದೆ. ಉಪ್ಪು ಬೇಡ ಎಂದಿದ್ದಾರಲ್ಲ ಎಂದು ತಾಯಿ ಅದನ್ನು ಪಕ್ಕಕ್ಕಿಡುತ್ತಾಳೆ, ನೀರನ್ನೂ ಲೋಟದ ಲೆಕ್ಕದಲ್ಲೇ ಕೊಡುತ್ತಾಳೆ. ನಾವು ಕಲಿಸಿದ ಪಾಠವನ್ನೇ ಶ್ರದ್ಧೆಯಿಂದ ಪಾಲಿಸಿ ಮಗುವಿನ ನಾಳಗಳನ್ನು ಬತ್ತಿಸುತ್ತಾಳೆ. ತಪ್ಪು ಅವಳದಲ್ಲ. ಬಾವು ಇರುವ ದಿನದ ನಿಯಮ ಬೇರೆ, ಭೇದಿಯ ದಿನದ ನಿಯಮ ಬೇರೆ, ಹೋದಷ್ಟು ನೀರು-ಉಪ್ಪನ್ನು ತುಂಬಿಕೊಡಲೇಬೇಕು ಎಂಬ ಎರಡನೆಯ ವಾಕ್ಯವನ್ನು ನಾವು ಹೇಳಿರುವುದಿಲ್ಲ. ಬಾವೂ ಭೇದಿಯೂ ಒಟ್ಟಿಗೆ ಬಂದ ಮಗುವನ್ನು ಅದೇ ದಿನ ವೈದ್ಯರ ಬಳಿ ಒಯ್ಯಬೇಕು ಎಂಬ ಮೂರನೆಯದನ್ನೂ.

ಆದ್ದರಿಂದ ಮಕ್ಕಳ ವೈದ್ಯರಲ್ಲಿ ಕೋರಿಕೆ ಇಷ್ಟು: ಮಗು ಗುಣವಾಗಿರುವಾಗ ಒಮ್ಮೆ ಕ್ರಿಯಾಟಿನಿನ್ ಮಾಡಿಸಿ, ಆ ಅಂಕಿಯನ್ನೂ ಮಗುವಿನ ಎತ್ತರವನ್ನೂ ತಾರೀಖಿನೊಂದಿಗೆ ನೋಟುಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಡಿ, ಅದರ ಕೆಳಗೆ ಭೇದಿಯ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಎಂದಿಗೂ ನಿಲ್ಲಿಸಬಾರದು ಎಂಬುದನ್ನು ಕನ್ನಡದಲ್ಲಿ ಬರೆಯಿರಿ. ವೈದ್ಯರು ಬರೆಯದಿದ್ದರೆ ಪೋಷಕರು ಕೇಳಿ ಬರೆಸಿಕೊಳ್ಳಲಿ.